ಜೀವನಾಂಶದ ಲೆಕ್ಕ: ಪಹಣಿ, ಗೂಡಿನ ಚೀಟಿ, ಡೇರಿ ಪಾಸ್‌ಬುಕ್

(ದತ್ತಿ ಉಪನ್ಯಾಸದ ಮುದ್ರಿತ ರೂಪ)



2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಕಲಾಪದ ವಿಡಿಯೋ ತುಣುಕೊಂದು ಊರೂರಿನ ಮೊಬೈಲುಗಳನ್ನು ಸುತ್ತಿತು. ಗಂಡನಿಂದ ದೂರವಾಗಿದ್ದ ಮಹಿಳೆಯೊಬ್ಬರ ಪರವಾಗಿ ತಿಂಗಳ ಖರ್ಚು 6,16,300 ರೂಪಾಯಿ ಎಂಬ ಪಟ್ಟಿ ಸಲ್ಲಿಕೆಯಾಗಿತ್ತು. ಅಷ್ಟು ಖರ್ಚು ಮಾಡುವ ಆಸೆಯಿದ್ದರೆ ಆಕೆಯೇ ದುಡಿದುಕೊಳ್ಳಲಿ ಎಂದು ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಪೀಠದಿಂದಲೇ ಗದರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ದಾಂಪತ್ಯದ ಕೇಸುಗಳಿಂದ ಬೇಸತ್ತೆನೆಂದು ವಿಡಿಯೋ ಮಾಡಿಟ್ಟು ಪ್ರಾಣ ಕಳೆದುಕೊಂಡರು. ದೇಶದ ಚರ್ಚೆಯೆಲ್ಲ ಅತ್ತ ತಿರುಗಿತು. ಜೀವನಾಂಶವೆಂದರೆ ಲಕ್ಷ, ಕೋಟಿಗಳ ಚೌಕಾಸಿ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತಿದ್ದು ಹೀಗೆ.

ರೇಷ್ಮೆ ಗೂಡು, ಹಾಲು, ಟೊಮೆಟೊ, ಹೂವು, ದ್ರಾಕ್ಷಿ ಮತ್ತು ಗಾರ್ಮೆಂಟ್ಸ್ ಸಂಬಳದ ಮೇಲೆ ನಿಂತಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಲೆಕ್ಕವೇ ಬೇರೆ. ಇಲ್ಲಿ ಮೇಂಟೆನೆನ್ಸ್ ಕೇಸು ಸುತ್ತುವುದು ಸಾವಿರಗಳ ಸುತ್ತ. ಮಗುವಿನ ಶಾಲೆಯ ಬಸ್ಸಿಗೆ, ಅಮ್ಮನ ಬಾಡಿಗೆ ಮನೆಗೆ, ಜ್ವರ ಬಂದಾಗಿನ ಔಷಧಕ್ಕೆ ಸಾಕಾಗುವಷ್ಟು ದುಡ್ಡು ತಿಂಗಳು ತಪ್ಪದೆ ಕೈಸೇರುತ್ತದೆಯೇ ಎಂಬುದೇ ಪ್ರಶ್ನೆ. ಹೆಂಡತಿ ಮಕ್ಕಳಿಗೆ ಹಕ್ಕಿದೆಯೇ ಎಂಬ ವಾದವನ್ನು ನ್ಯಾಯಾಲಯಗಳು ಬಹುಮಟ್ಟಿಗೆ ಮುಗಿಸಿಬಿಟ್ಟಿವೆ. ಮುಗಿಯದೆ ಉಳಿದಿರುವುದು ಎರಡು: ಸಂಬಳದ ಚೀಟಿಯೇ ಇಲ್ಲದ ಗಂಡಸಿನ ಆದಾಯವನ್ನು ತೋರಿಸುವುದು ಹೇಗೆ, ಮತ್ತು ಕೈಗೆ ಬಂದ ಆದೇಶವನ್ನು ಹಣವಾಗಿಸುವುದು ಹೇಗೆ. ಇಂದಿನ ಉಪನ್ಯಾಸದ ತೂಕವೆಲ್ಲ ಈ ಎರಡರ ಮೇಲಿದೆ.

ಐವತ್ತು ರೂಪಾಯಿಯಿಂದ ಮಿತಿಯಿಲ್ಲದವರೆಗೆ

ಹಳೆಯದನ್ನು ಬೇಗ ಹೇಳಿ ಮುಗಿಸಬಹುದು. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಂ ಹೆಂಡತಿಗೂ ಮಕ್ಕಳಿಗೂ ಜೀವನಾಂಶ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಮಿತಿ ತಿಂಗಳಿಗೆ 50 ರೂಪಾಯಿ. 1955ರಲ್ಲಿ ಅದು 500ಕ್ಕೆ ಏರಿತು. 1973ರಲ್ಲಿ ಹೊಸ ಸಂಹಿತೆ ಬಂದು 488 ಹೋಗಿ 125 ಆಯಿತು, ಆದರೆ 500 ಹಾಗೆಯೇ ಉಳಿಯಿತು. ಅಕ್ಕಿಯ ಬೆಲೆ, ಬಸ್ಸಿನ ದರ, ಶಾಲೆಯ ಫೀಸು ಎಲ್ಲ ಎಷ್ಟೋ ಪಟ್ಟು ಏರಿದವು. 46 ವರ್ಷ ಕದಲದೆ ನಿಂತಿದ್ದ ಆ ಗೆರೆಯನ್ನು ಸಂಸತ್ತು ಅಳಿಸಿದ್ದು 2001ರಲ್ಲಿ. ಮಧ್ಯಂತರ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಇತ್ಯರ್ಥ ಮಾಡಬೇಕೆಂಬ ಆಶಯವೂ ಆಗಲೇ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 144ನೇ ಕಲಂ. ವಕೀಲರ ಬಾಯಲ್ಲಿ ಈಗಲೂ ಅದು ‘ಒನ್ ಟ್ವೆಂಟಿ ಫೈವ್’.

ಈ ಸೀಮೆಗೆ ಇನ್ನೊಂದು ಪರಂಪರೆಯೂ ಇದೆ. ಅಂದಿನ ಕೋಲಾರ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ಹೆಂಗಸರಿಗೂ ಪಾಲು ಕೊಡುವ ಕಾನೂನನ್ನು ಮೈಸೂರು 1933ರಲ್ಲೇ ಮಾಡಿತು. ಬ್ರಿಟಿಷ್ ಇಂಡಿಯಾ ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಕಾಯ್ದೆ ತಂದದ್ದು ಅದಾದ ನಾಲ್ಕು ವರ್ಷಕ್ಕೆ. ಮುಂದೆ 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2005ರಲ್ಲಿ. ಈ ಮಾತು ಇಲ್ಲಿ ಯಾಕೆ ಬಂತೆಂಬುದು ಮಕ್ಕಳ ಪಾಲಿನ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಧರ್ಮದ ಹೆಸರಿನ ಗೊಂದಲವೂ ಬಹುತೇಕ ಬಗೆಹರಿದಿದೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕುಟುಂಬಗಳಲ್ಲಿ ಮುಸ್ಲಿಮರು ಬಹಳ ಮಂದಿ ಇರುವುದರಿಂದ ಇಲ್ಲಿ ಇದು ಮುಖ್ಯ. 1985ರ ಶಾಬಾನೊ ತೀರ್ಪು, ಅದನ್ನು ಮೊಟಕುಗೊಳಿಸಲು ಬಂದ 1986ರ ಕಾಯ್ದೆ, ಆ ಕಾಯ್ದೆಗೆ ಉದಾರ ಅರ್ಥ ಕೊಟ್ಟ 2001ರ ಸಂವಿಧಾನ ಪೀಠದ ತೀರ್ಪು, ಇಷ್ಟೂ ಆದಮೇಲೆ 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಅರ್ಜಿ ಹಾಕಬಹುದು. ಮಕ್ಕಳ ವಿಷಯ 1997ರಲ್ಲೇ ತೀರ್ಮಾನವಾಗಿತ್ತು. ತಂದೆ ತಾಯಿ ಯಾವ ಧರ್ಮದವರೇ ಆಗಲಿ, ಮದುವೆ ಊರ್ಜಿತವೇ ಅಲ್ಲವೇ ಎಂಬ ಪ್ರಶ್ನೆ ಏನೇ ಇರಲಿ, ಮಗುವಿಗೆ ಜೀವನಾಂಶದ ಹಕ್ಕು ತಪ್ಪುವುದಿಲ್ಲ.

‘ಜಮೀನು ನಮ್ಮಪ್ಪನ ಹೆಸರಲ್ಲಿದೆ’

ಸರ್ಕಾರಿ ನೌಕರನ ಆದಾಯ ಹುಡುಕುವುದು ಸುಲಭ. ವೇತನ ಪ್ರಮಾಣಪತ್ರ ತರಿಸಿದರೆ ಮುಗಿಯಿತು. ರೈತ, ರೀಲರ್, ಮಂಡಿ ವ್ಯಾಪಾರಿ, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವನು ಕೋರ್ಟಿನ ಮುಂದೆ ನಿಂತಾಗ ಬರುವ ಉತ್ತರ ಬೇರೆ: ‘ಜಮೀನು ನಮ್ಮಪ್ಪನ ಹೆಸರಲ್ಲಿದೆ, ನಾನು ಕೂಲಿ ಮಾಡಿಕೊಂಡಿದ್ದೀನಿ.’ ಖಾತೆ ತಾತನ ಹೆಸರಿನಿಂದ ಬದಲಾಗದೆ ಉಳಿದಿರುವ ಕುಟುಂಬಗಳಲ್ಲಿ ಇದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಇದಕ್ಕೆ ಉತ್ತರ 2020ರ ನವೆಂಬರ್ 4ರ ತೀರ್ಪಿನಲ್ಲಿದೆ. ರಜನೀಶ್–ನೇಹಾ ಪ್ರಕರಣವೆಂದು ಹೆಸರಾದ ಅದನ್ನು ಬರೆದವರು ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಪೀಠದಲ್ಲಿದ್ದ ಇನ್ನೊಬ್ಬರು ನ್ಯಾಯಮೂರ್ತಿ ಆರ್. ಸುಭಾಷ್ ರೆಡ್ಡಿ. ನಾಗಪುರದ ಕೌಟುಂಬಿಕ ನ್ಯಾಯಾಲಯ 2013ರಲ್ಲಿ ಕೊಟ್ಟ ಮಧ್ಯಂತರ ಆದೇಶವೊಂದು ಸುಪ್ರೀಂ ಕೋರ್ಟಿನಲ್ಲಿ ಕೊನೆಗಾಣುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಈ ವಿಳಂಬವನ್ನು ಕಂಡ ಪೀಠ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಕಡ್ಡಾಯವಾಗಿ ಸಲ್ಲಿಸಬೇಕು. ನಾಲ್ಕರಿಂದ ಆರು ತಿಂಗಳಲ್ಲಿ ಮಧ್ಯಂತರ ಅರ್ಜಿ ತೀರ್ಮಾನವಾಗಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರುವಾಗಬೇಕು.

ಕೊನೆಯ ಅಂಶದ ಬೆಲೆ ಎಷ್ಟೆಂದು ಒಂದು ಲೆಕ್ಕದಲ್ಲಿ ನೋಡಬಹುದು. ತಿಂಗಳಿಗೆ 5,000 ರೂಪಾಯಿಯ ಆದೇಶ ಅರ್ಜಿ ಹಾಕಿದ ಮೂರು ವರ್ಷಕ್ಕೆ ಬಂತು ಎಂದಿಟ್ಟುಕೊಳ್ಳಿ. ಆದೇಶದ ದಿನದಿಂದ ಎಣಿಸಿದರೆ ಹಿಂದಿನ ಬಾಕಿ ಸೊನ್ನೆ. ಅರ್ಜಿಯ ದಿನದಿಂದ ಎಣಿಸಿದರೆ 1,80,000 ರೂಪಾಯಿ. ವಾಯಿದೆಯ ಮೇಲೆ ವಾಯಿದೆ ಪಡೆದು ಗಂಡನಿಗೆ ಆಗುತ್ತಿದ್ದ ಲಾಭ ಈ ಒಂದು ಸಾಲಿನಿಂದ ನಿಂತಿತು.

ನಮ್ಮ ತಾಲ್ಲೂಕುಗಳಿಗೆ ಇನ್ನೂ ಮುಖ್ಯವಾದದ್ದು ತೀರ್ಪಿನ ಅನುಬಂಧಗಳು. ಪ್ರಮಾಣಪತ್ರದ ಮೂರು ನಮೂನೆಗಳನ್ನು ಅಲ್ಲಿ ಕೊಡಲಾಗಿದೆ: ಒಂದು ಕೃಷಿಯೇತರರಿಗೆ, ಎರಡನೆಯದು ಕೃಷಿಕರಿಗೆ, ಮೂರನೆಯದು ಮೇಘಾಲಯಕ್ಕೆ. ಆದರೂ ಮೊದಲನೆಯ ನಮೂನೆಯ ಜೆರಾಕ್ಸನ್ನೇ ಹಿಡಿದು, ‘ಸಂಬಳ: ಇಲ್ಲ’ ಎಂದು ಬರೆದು ರೈತನೊಬ್ಬ ತಪ್ಪಿಸಿಕೊಳ್ಳಲು ಸಾಧ್ಯ. ಎರಡನೆಯ ನಮೂನೆ ಅದಕ್ಕೆ ಬಿಡುವುದಿಲ್ಲ. ಒಟ್ಟು ಎಷ್ಟು ಜಮೀನು, ಅದರಲ್ಲಿ ತನ್ನ ಪಾಲೆಷ್ಟು, ತರಿಯೋ ಖುಷ್ಕಿಯೋ, ಯಾವ ಬೆಳೆ, ಕಳೆದ ಮೂರು ವರ್ಷದ ಆದಾಯ ಎಷ್ಟು, ಗುತ್ತಿಗೆಗೋ ವಾರಕ್ಕೋ ಹಿಡಿದ ಜಮೀನು ಇದೆಯೇ, ಹಸು, ಎಮ್ಮೆ, ಕುರಿ, ಕೋಳಿ ಎಷ್ಟು, ಅವುಗಳಿಂದ ಬರುವುದೆಷ್ಟು, ಜಮೀನಿನ ಮೇಲೆ ಸಾಲವಿದೆಯೇ ಎಂದು ಅದು ಒಂದೊಂದಾಗಿ ಕೇಳುತ್ತದೆ. ಜಮೀನು ಅಪ್ಪನ ಹೆಸರಲ್ಲಿದ್ದರೂ ಅವಿಭಕ್ತ ಕುಟುಂಬದಲ್ಲಿ ತನ್ನ ಪಾಲನ್ನು ಬರೆಯಲೇಬೇಕು. ಸುಳ್ಳು ಬರೆದರೆ ಸುಳ್ಳು ಸಾಕ್ಷ್ಯದ ಕ್ರಮಕ್ಕೆ ದಾರಿಯಿದೆ. ಆ ಭಯ ಹೆಂಡತಿಗೂ ಇರಬೇಕಾದದ್ದೇ. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಸಂಬಳ ಪಡೆಯುತ್ತಾ ‘ಆದಾಯವಿಲ್ಲ’ ಎಂದು ಪ್ರಮಾಣ ಮಾಡಿದರೆ ಅದೂ ಸುಳ್ಳೇ. ನಿಜ ಬರೆದರೆ ಆಕೆಗೆ ನಷ್ಟವೇನಿಲ್ಲ. ಅಲ್ಪಸ್ವಲ್ಪ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಪ್ರಮಾಣಪತ್ರದಲ್ಲಿ ಬರೆದದ್ದನ್ನು ಪರೀಕ್ಷಿಸಲು ಬೇಕಾದ ಕಾಗದಗಳು ನಮ್ಮಲ್ಲಿ ಊರಿನ ಸುತ್ತಲೇ ಬಿದ್ದಿವೆ.

ಶಿಡ್ಲಘಟ್ಟದಿಂದ ಶುರು ಮಾಡೋಣ. ರೇಷ್ಮೆ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕೆಂಬ ಕಾನೂನು 1959ರದ್ದು. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದಾದ ಇಲ್ಲಿ ಯಾವ ರೈತ ಎಷ್ಟು ಕಿಲೋ ತಂದ, ಯಾವ ದರಕ್ಕೆ ಹೋಯಿತು, ಯಾವ ರೀಲರ್ ಕೊಂಡ ಎಂಬುದಕ್ಕೆ ದಾಖಲೆಯಿದೆ. ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ರೀಲರ್‌ಗೆ ಲೈಸೆನ್ಸ್ ಇರುತ್ತದೆ. ವರ್ಷಕ್ಕೆ ಹಲವು ಬೆಳೆ ತೆಗೆಯುವ ಹಿಪ್ಪುನೇರಳೆ ತೋಟದವನು ‘ನನಗೆ ಏನೂ ಆದಾಯವಿಲ್ಲ’ ಎಂದರೆ ಕೋರ್ಟು ಆ ದಾಖಲೆ ತರಿಸಬಹುದು. ಸಂಸ್ಥೆಗಳಿಂದ ದಾಖಲೆ ತರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆ ತರಿಸಿ ಎಂದು ಅರ್ಜಿ ಕೊಡುವುದು ಆಕೆಯ ವಕೀಲರ ಕೆಲಸ.

ಹಾಲಿನದ್ದು ಇನ್ನೂ ಸ್ಪಷ್ಟ. ಡೇರಿಗೆ ಹಾಕಿದ ಲೀಟರು, ಜಿಡ್ಡಿನ ಅಂಶ, ಬಟವಾಡೆ ಎಲ್ಲವೂ ಸಂಘದ ಪುಸ್ತಕದಲ್ಲಿ ಇರುತ್ತವೆ. ಅದರ ಮೇಲೆ ರಾಜ್ಯ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರವಾಗಿ ಉತ್ಪಾದಕರ ಖಾತೆಗೆ ಬರುತ್ತದೆ. ಅಂದರೆ ಎಷ್ಟು ಲೀಟರು ಎಂಬುದು ಸರ್ಕಾರಕ್ಕೂ ಗೊತ್ತು. ಇದೇ ಸಾಲಿಗೆ ಸೇರುವವು: ಚಿಂತಾಮಣಿ ಮಂಡಿಯ ಚೀಟಿ, ಸೊಸೈಟಿ ಬೆಳೆಸಾಲದ ವಿವರ, ಕಿಸಾನ್ ಕ್ರೆಡಿಟ್ ಕಾರ್ಡ್, ಟ್ರ್ಯಾಕ್ಟರಿನ ಆರ್‌ಸಿ, ‘ಫ್ರೂಟ್ಸ್’ ತಂತ್ರಾಂಶದಲ್ಲಿರುವ ರೈತ ನೋಂದಣಿ. ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು. ಕೇಸು ಹಾಕಿದ ಮೇಲೆ ಜಮೀನು ಅಣ್ಣನ ಹೆಸರಿಗೆ ಹೋಯಿತೇ ಎಂಬುದನ್ನು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಋಣಭಾರ ಪತ್ರ ಹೇಳುತ್ತದೆ. ಜೀವನಾಂಶ ತಪ್ಪಿಸಲೆಂದೇ ದಾನಪತ್ರ ಮಾಡಿಟ್ಟರೂ ಪ್ರಯೋಜನವಿಲ್ಲ. ಜಮೀನಿನ ಉತ್ಪತ್ತಿಯಿಂದ ಜೀವನಾಂಶ ಪಡೆಯುವ ಹಕ್ಕು ಇನ್ನೊಬ್ಬರಿಗೆ ಇದ್ದಾಗ, ಆ ಹಕ್ಕು ತಿಳಿದೂ ಕೊಂಡವನ ಮೇಲೆ, ಇಲ್ಲವೇ ಪುಕ್ಕಟೆಯಾಗಿ ಪಡೆದವನ ಮೇಲೆ ಅದನ್ನು ಚಲಾಯಿಸಬಹುದೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಂ ಹೇಳುತ್ತದೆ.

ಬೆಳೆಯ ಆದಾಯಕ್ಕೆ ಏರಿಳಿತವಿದೆ ಎಂಬ ಗಂಡನ ವಾದದಲ್ಲೂ ಸತ್ಯವಿದೆ. 2023ರ ಜುಲೈ, ಆಗಸ್ಟ್‌ನಲ್ಲಿ ಈ ಸೀಮೆಯ ಮಂಡಿಗಳಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಕೆಲವೇ ವಾರಗಳಲ್ಲಿ ಬೆಲೆ ನೆಲ ಕಚ್ಚಿತು. ಯಾವ ತಿಂಗಳನ್ನು ಹಿಡಿದು ಆದಾಯ ಎಣಿಸಬೇಕು? ಮೂರು ವರ್ಷದ ಲೆಕ್ಕ ಕೇಳುವ ನಮೂನೆಯೇ ಇದಕ್ಕೆ ಒಂದು ಉತ್ತರ. ಪರಿಸ್ಥಿತಿ ಬದಲಾದರೆ ಮೊತ್ತವನ್ನು ಏರಿಸಲೂ ಇಳಿಸಲೂ ಅರ್ಜಿ ಹಾಕುವ ಅವಕಾಶ ಇನ್ನೊಂದು. ಹೊಸ ಸಂಹಿತೆಯಲ್ಲಿ ಅದು 146ನೇ ಕಲಂ. ನಿಜವಾಗಿಯೂ ಭೂಮಿಯಿಲ್ಲದ, ಕೆಲಸವಿಲ್ಲದ ಗಂಡನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಕಠಿಣವಾಗಿಯೇ ಮಾತಾಡಿತು: ಮೈಯಲ್ಲಿ ಶಕ್ತಿಯಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು.

ಮಗುವಿನ ಪಾಲು ಬೇರೆ

ಗಂಡ ಹೆಂಡತಿಯ ಜಗಳದ ಕಡತದಲ್ಲಿ ಮಗುವಿನ ಹೆಸರು ‘ಅರ್ಜಿದಾರ ನಂ. 2’ ಎಂದು ಬರುತ್ತದೆ, ಅಮ್ಮನ ಬಾಲದಂತೆ. ಕಾನೂನು ಮಾತ್ರ ಅದನ್ನು ಬೇರೆಯೇ ಆಗಿ ನೋಡುತ್ತದೆ. ಹೆಂಡತಿ ಸಕಾರಣವಿಲ್ಲದೆ ಮನೆ ಬಿಟ್ಟಳೆಂದು, ಅಥವಾ ಇನ್ನೊಬ್ಬನ ಜೊತೆ ಇದ್ದಾಳೆಂದು ಗಂಡ ರುಜುವಾತು ಮಾಡಿದರೆ ಆಕೆಯ ಜೀವನಾಂಶ ಹೋಗಬಹುದು. ಮಗುವಿನದು ಹೋಗುವುದಿಲ್ಲ.

ಅಮ್ಮ ಬಿಟ್ಟುಕೊಟ್ಟರೂ ಹೋಗುವುದಿಲ್ಲ. ಊರಿನ ಹಿರಿಯರು ಕೂತು, ಛಾಪಾ ಕಾಗದದ ಮೇಲೆ ‘ಇಷ್ಟು ದುಡ್ಡು ತಗೊಂಡಿದ್ದೀನಿ, ಮುಂದೆ ನನಗಾಗಲಿ ಮಗುವಿಗಾಗಲಿ ಏನೂ ಕೇಳೋದಿಲ್ಲ’ ಎಂದು ಬರೆಸುವ ಬಿಡುಗಡೆ ಪತ್ರ ಈ ಭಾಗದಲ್ಲಿ ಹೊಸದಲ್ಲ. ಜಾತಿಯೊಳಗೆ ರೂಢಿಯ ವಿಚ್ಛೇದನ ಇದ್ದರೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಉಳಿಸಿದೆ ನಿಜ. ಆದರೆ ಆ ರೂಢಿಯನ್ನು ಸಾಕ್ಷಿ ಹಾಕಿ ಸಾಬೀತು ಮಾಡಬೇಕು. ಬರೀ ಕಾಗದದಿಂದ ಮದುವೆ ಮುರಿಯುವುದಿಲ್ಲ. ಇನ್ನು ಮಗುವಿನ ಹಕ್ಕನ್ನು ರಾಜಿಯಲ್ಲಿ ಬಿಟ್ಟುಕೊಡುವ ಅಧಿಕಾರ ತಾಯಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೊಂದರಲ್ಲೇ ಹೇಳಿದೆ.

ವಯಸ್ಸಿನ ತೊಡಕು ನಿಜವಾದದ್ದು. ಕಾಯ್ದೆಯ ಪ್ರಕಾರ ಮಗನಿಗೆ 18 ತುಂಬಿದರೆ ಜೀವನಾಂಶ ನಿಲ್ಲುತ್ತದೆ. ಹದಿನೆಂಟು ತುಂಬುವುದು ಪಿಯುಸಿ ಮುಗಿಯುವ ಹೊತ್ತಿಗೆ, ಖರ್ಚು ಶುರುವಾಗುವುದೇ ಆಗ. 2021ರ ಮಾರ್ಚ್‌ನಲ್ಲಿ ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ದಾಟಿತು. ಮೊದಲ ಪದವಿ ಮುಗಿಯುವವರೆಗೂ ತಂದೆ ಮಗನನ್ನು ಪೋಷಿಸಬೇಕೆಂದು ಹೇಳಿತು. ಮಗಳ ವಿಷಯದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಇನ್ನೂ ಗಟ್ಟಿ: ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಮಗಳಿಗೆ ಮದುವೆಯಾಗುವವರೆಗೂ ಹಕ್ಕಿದೆ. 18 ತುಂಬಿದ ಮಗಳು ಮ್ಯಾಜಿಸ್ಟ್ರೇಟರ ಮುಂದಿನ 125ಕ್ಕಿಂತ ಈ ಕಾಯ್ದೆಯ ಬಾಗಿಲನ್ನೇ ತಟ್ಟಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ.

ತಿಂಗಳ ದುಡ್ಡಿನ ಗಲಾಟೆಯಲ್ಲಿ ಬಹುತೇಕರು ಮರೆಯುವುದು ಜಮೀನನ್ನು. ಗಂಡ ಬದುಕಿರುವಾಗ ಅವನ ಆಸ್ತಿಯಲ್ಲಿ ಪಾಲು ಕೇಳಲು ಹೆಂಡತಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಮಗುವಿಗೆ ಆಗುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, 2020ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪು ಮೂರೂ ಸೇರಿ ಅದನ್ನು ಭದ್ರಗೊಳಿಸಿವೆ. ಅಪ್ಪ ಅಮ್ಮನ ವಿಚ್ಛೇದನದಿಂದ ಆ ಹಕ್ಕು ಕರಗುವುದಿಲ್ಲ. ಅಪ್ರಾಪ್ತ ಮಗುವಿನ ಪರವಾಗಿ ತಾಯಿ ಪಾಲು ವಿಭಾಗದ ದಾವೆ ಹೂಡಬಹುದು. ವಿಮಾನ ನಿಲ್ದಾಣ ಬಂದ ಮೇಲೆ, ನಂದಿಬೆಟ್ಟದ ತಪ್ಪಲಿನವರೆಗೂ ಲೇಔಟುಗಳು ಹಬ್ಬಿದ ಮೇಲೆ, ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಎಕರೆಯಲ್ಲಿನ ಪಾಲಿಗೂ ತಿಂಗಳ ಕೆಲವು ಸಾವಿರಕ್ಕೂ ಹೋಲಿಕೆಯೇ ಇಲ್ಲ. ಎರಡನೇ ಮದುವೆಯ ಮಕ್ಕಳ ಬಗ್ಗೆ ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ 2023ರ ಸೆಪ್ಟೆಂಬರ್ 1ರಂದು ತೀರ್ಪು ಬಂತು. ಅನೂರ್ಜಿತ ಮದುವೆಯಲ್ಲಿ ಹುಟ್ಟಿದ ಮಗುವಿಗೂ ತಂದೆ ತಾಯಿಯ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರುತ್ತಿದ್ದ ಪಾಲೂ ಸೇರಿದಂತೆ, ಹಕ್ಕಿದೆ.

ಮಗುವನ್ನು ನೋಡಿಕೊಳ್ಳುವ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ? 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಬಂದ ಪ್ರಕರಣದಲ್ಲಿ ಗಂಡ ಬ್ಯಾಂಕ್ ಮ್ಯಾನೇಜರ್. ಓದಿರುವ ಹೆಂಡತಿ ದುಡಿಯದೆ ಸುಮ್ಮನೆ ಕೂತಿದ್ದಾಳೆ ಎಂಬುದು ಅವನ ವಾದ. ಆಕೆ ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದಳು. ತಾಯಿಯ ಕೆಲಸ ಹಗಲು ರಾತ್ರಿಯದು, ಅದನ್ನು ಸೋಮಾರಿತನ ಎನ್ನುವಂತಿಲ್ಲ ಎಂದ ನ್ಯಾಯಾಲಯ 18,000 ಇದ್ದ ಮೊತ್ತವನ್ನು 36,000ಕ್ಕೆ ಏರಿಸಿತು. ತಿಂಗಳಿಗೆ ಆರು ಲಕ್ಷದ ವಿಡಿಯೋ ಹರಿದಷ್ಟು ಈ ತೀರ್ಪು ಹರಿಯಲಿಲ್ಲ.

ಒಂದೇ ಗಂಟೋ, ತಿಂಗಳ ಕಂತೋ

ಪರಸ್ಪರ ಒಪ್ಪಿಗೆಯ ವಿಚ್ಛೇದನಗಳಲ್ಲಿ ಒಂದೇ ಸಲ ದುಡ್ಡು ಕೊಟ್ಟು ಮುಗಿಸುವುದೇ ಹೆಚ್ಚು. ಎರಡು ಅರ್ಜಿಗಳ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದೆಂದು 2017ರ ತೀರ್ಪು ಹೇಳಿದೆ. ದುಡ್ಡಿನ ದೃಷ್ಟಿಯಿಂದ ನೋಡಿದರೆ ಒಂದೇ ಗಂಟಿಗೆ ಅನುಕೂಲಗಳಿವೆ. ವಸೂಲಿಯ ತಲೆನೋವಿಲ್ಲ, ಸಾಮಾನ್ಯವಾಗಿ ಅದರ ಮೇಲೆ ಆದಾಯ ತೆರಿಗೆ ಬೀಳುವುದಿಲ್ಲ, ತಿಂಗಳ ಜೀವನಾಂಶವನ್ನಾದರೆ ಪಡೆಯುವವರ ಆದಾಯವೆಂದು ಎಣಿಸಲಾಗುತ್ತದೆ. ಅಪಾಯವೂ ಇದೆ. ತವರಿನ ಸಾಲಕ್ಕೆ, ತಮ್ಮನ ಮದುವೆಗೆ ಆ ಗಂಟು ಕರಗಿಹೋದರೆ ಮಗುವಿನ ಕಾಲೇಜಿನ ಹೊತ್ತಿಗೆ ಕೈ ಬರಿದು. ಅದಕ್ಕಾಗಿಯೇ ಮಗುವಿನ ಪಾಲನ್ನು ಪ್ರತ್ಯೇಕವಾಗಿ ಬರೆಸಿ, ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಿಸುವಂತೆ ಆದೇಶದಲ್ಲೇ ಸೇರಿಸುವುದು ಜಾಣತನ. ಹತ್ತು ವರ್ಷದೊಳಗಿನ ಹೆಣ್ಣುಮಗುವಾದರೆ ಸುಕನ್ಯಾ ಸಮೃದ್ಧಿ ಖಾತೆಯಿದೆ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು.

ಚಿನ್ನವನ್ನು ಬೇರೆ ಲೆಕ್ಕ ಹಾಕಬೇಕು. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಒಡವೆ ಸ್ತ್ರೀಧನ. ಅದು ಆಕೆಯದೇ ಆಸ್ತಿ, ಗಂಡ ಬರೀ ಜೋಪಾನ ಮಾಡುವವನೆಂದು 1985ರಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಹಸುವಿಗೆ, ಬೋರ್‌ವೆಲ್ಲಿಗೆ, ಹುಳು ಮನೆಗೆ ಅಂತ ಆ ಒಡವೆ ಗಂಡನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಅಡವಿದ್ದರೆ ಅಡವಿನ ಚೀಟಿಯ ಪ್ರತಿಯೇ ದೊಡ್ಡ ಸಾಕ್ಷಿ. ಮನೆ ಬಿಡುವ ಹೊತ್ತಿನಲ್ಲಿ ಬಟ್ಟೆಗಿಂತ ಮೊದಲು ಜೋಪಾನ ಮಾಡಬೇಕಾದದ್ದು ಮದುವೆಯ ಫೋಟೊ, ಒಡವೆ ಅಂಗಡಿಯ ಬಿಲ್ಲು, ಮಗುವಿನ ಜನನ ಪ್ರಮಾಣಪತ್ರ, ಆಧಾರ್.

ರೇಷನ್ ಕಾರ್ಡಿನ ಮಾತೂ ಹಣದ ಮಾತೇ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾಗಿರುವವರಿಗೆ. ಗಂಡನ ಮನೆಯ ಕಾರ್ಡಿನಲ್ಲಿ ಅತ್ತೆ ಯಜಮಾನಿಯಾಗಿದ್ದರೆ, ಹೊರಬಂದ ಸೊಸೆಗೆ ಅಕ್ಕಿಯೂ ಇಲ್ಲ, ದುಡ್ಡೂ ಇಲ್ಲ. 40ರಿಂದ 64 ವರ್ಷದ ಬಡ ವಿಚ್ಛೇದಿತೆಯರಿಗೂ ಅವಿವಾಹಿತೆಯರಿಗೂ ರಾಜ್ಯದ ಮನಸ್ವಿನಿ ಪಿಂಚಣಿಯಿದೆ. ಈ ಹಣ ಬರುತ್ತಿದೆ ಎಂದ ಮಾತ್ರಕ್ಕೆ ಅಪ್ಪನ ಹೊಣೆ ಮುಗಿಯುವುದಿಲ್ಲ.

ಆದೇಶ ಕೈಯಲ್ಲಿ, ದುಡ್ಡು ಗಡಿಯಾಚೆ

ಬೆಂಗಳೂರಿನ ಒಂದು ಕಥೆ ಕೇಳಿ. 1991ರಲ್ಲಿ ನಿಕಾಹ್ ಆದ ಮಹಿಳೆಗೆ ಅದೇ ವರ್ಷ ತಲಾಖ್ ಆಯಿತು. 2002ರಲ್ಲಿ ಆಕೆ ಜೀವನಾಂಶಕ್ಕೆ ದಾವೆ ಹಾಕಿದಳು. 2011ರಲ್ಲಿ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಕೊಡಿಸಿತು. ವಸೂಲಿಗೆ ಹೋದರೆ, ತನಗೆ ಇನ್ನೊಂದು ಮದುವೆಯಾಗಿದೆ, ಮಗುವೂ ಇದೆ ಎಂಬ ತಕರಾರು. 2021ರ ಅಕ್ಟೋಬರ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ತಕರಾರನ್ನು 25,000 ರೂಪಾಯಿ ದಂಡದೊಂದಿಗೆ ವಜಾ ಮಾಡಿದರು. ತಲಾಖಿನಿಂದ ಅಲ್ಲಿಗೆ ಮೂವತ್ತು ವರ್ಷ, ಅದೂ ತಿಂಗಳಿಗೆ ಮೂರು ಸಾವಿರಕ್ಕಾಗಿ.

ವಸೂಲಿಯ ದಾರಿಗಳನ್ನು ಕಾನೂನು ಕೊಟ್ಟಿದೆ. ಪ್ರತಿ ದಾರಿಗೂ ಒಂದು ಕೊಕ್ಕೆ ಇದೆ. ಮ್ಯಾಜಿಸ್ಟ್ರೇಟರು ವಾರಂಟು ಹೊರಡಿಸಿ ದಂಡದಂತೆ ವಸೂಲು ಮಾಡಬಹುದು, ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿಬಂದರೆ ಬಾಕಿ ಚುಕ್ತಾ ಆಯಿತೆಂದು ತಿಳಿಯುವವರಿದ್ದಾರೆ. ಜೈಲು ಒತ್ತಾಯದ ಉಪಾಯ ಮಾತ್ರ, ಸಾಲ ಹಾಗೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿದೆ. ದೊಡ್ಡ ಕೊಕ್ಕೆ ಒಂದು ವರ್ಷದ್ದು: ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ವಾರಂಟಿನ ದಾರಿ ಮುಚ್ಚುತ್ತದೆ. ‘ಕೊಡ್ತಾನೆ ಬಿಡಿ’ ಎಂದು ತವರಿನವರು ಕಾಯುತ್ತ ಕೂತರೆ ಹಳೆಯ ಬಾಕಿ ಕೈ ತಪ್ಪುತ್ತದೆ. ವರ್ಷಕ್ಕೊಮ್ಮೆಯಾದರೂ ಅರ್ಜಿ ಬೀಳಲೇಬೇಕು.

ಸಂಬಳದವನ ಮೇಲೆ ಹತೋಟಿ ಹೆಚ್ಚು. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಬಹುಭಾಗಕ್ಕೆ ರಕ್ಷಣೆಯಿದೆ. ಜೀವನಾಂಶದ ಡಿಕ್ರಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಮೂರನೇ ಒಂದು ಭಾಗವನ್ನಷ್ಟೇ ರಕ್ಷಿಸುತ್ತದೆ. 24,000 ಸಂಬಳದವನಿಂದ 16,000ದವರೆಗೆ ಜಪ್ತಿ ಮಾಡಬಹುದೆಂದು ಅರ್ಥ. ಗೌರಿಬಿದನೂರಿನ ಕಾರ್ಖಾನೆಯಲ್ಲೋ, ದಿನಾ ರೈಲು ಹತ್ತಿ ಬೆಂಗಳೂರಿನಲ್ಲೋ ಕೆಲಸ ಮಾಡುವವನ ವಿಷಯದಲ್ಲಿ ಇದು ಪರಿಣಾಮಕಾರಿ. ಗೂಡು, ಟೊಮೆಟೊ ಮಾರುವವನಿಗೆ ಸಂಬಳ ಕೊಡುವ ಮಾಲೀಕನೇ ಇಲ್ಲ.

ಗಡಿಯ ಸಮಸ್ಯೆ ಈ ಜಿಲ್ಲೆಯದೇ ಆದದ್ದು. ಗೌರಿಬಿದನೂರಿನವರಿಗೆ ಹಿಂದೂಪುರ, ಚಿಂತಾಮಣಿಯವರಿಗೆ ಮದನಪಲ್ಲಿ ಪರದೇಶವಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಎರಡೂ ಕಡೆ ಹೆಣ್ಣು ಕೊಟ್ಟು ತಂದುಕೊಳ್ಳುತ್ತವೆ. ಜಗಳವಾದಾಗ ಮಾತ್ರ ಆ ಗೆರೆ ಎದ್ದು ನಿಲ್ಲುತ್ತದೆ. ತವರಿಗೆ ಬಂದ ಹೆಣ್ಣು ತಾನಿರುವ ಊರಿನಲ್ಲೇ ಜೀವನಾಂಶದ ಅರ್ಜಿ ಹಾಕಬಹುದು. ವಿಚ್ಛೇದನಕ್ಕೂ ಹೆಂಡತಿ ತಾನಿರುವ ಸ್ಥಳದಲ್ಲೇ ಹೋಗಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ. ಆದೇಶವನ್ನು ಅವನಿರುವ ಊರಿನ ಮ್ಯಾಜಿಸ್ಟ್ರೇಟರೂ ಜಾರಿ ಮಾಡಬಹುದು. ಕಾಗದದ ಮೇಲೆ ಇಷ್ಟು ಸರಿಯಾಗಿದೆ. ಆದರೆ ಚಿಂತಾಮಣಿಯ ವಾರಂಟು ಆಂಧ್ರದ ಠಾಣೆಗೆ ಹೋಗಿ, ‘ವ್ಯಕ್ತಿ ಸಿಗಲಿಲ್ಲ’ ಎಂಬ ಷರಾದೊಂದಿಗೆ ಮರಳಿದರೆ ಅದನ್ನು ಬೆನ್ನುಹತ್ತಬೇಕಾದವಳು ಕಂಕುಳಲ್ಲಿ ಮಗುವಿರುವ ಅದೇ ಹೆಣ್ಣು.

ಹೊರದೇಶಗಳು ಈ ಬೆನ್ನುಹತ್ತುವ ಕೆಲಸವನ್ನು ತಾಯಿಯ ತಲೆಯಿಂದ ಇಳಿಸಿವೆ. ಆಸ್ಟ್ರೇಲಿಯ 1988ರಲ್ಲಿ ಮಕ್ಕಳ ಜೀವನಾಂಶದ ವಸೂಲಿಯನ್ನು ತೆರಿಗೆ ಇಲಾಖೆಗೇ ವಹಿಸಿತು. ಬ್ರಿಟನ್ 1993ರಲ್ಲಿ ಪ್ರತ್ಯೇಕ ಏಜೆನ್ಸಿ ತೆರೆಯಿತು. ಅದರ ಕೆಲಸ ಬಹಳ ಟೀಕೆಗೆ ಗುರಿಯಾಗಿ 2012ರಲ್ಲಿ ಹೊಸ ವ್ಯವಸ್ಥೆ ಬಂತು. ಜರ್ಮನಿ 1980ರಿಂದ ಇನ್ನೂ ಒಂದು ಹೆಜ್ಜೆ ಮುಂದಿದೆ: ತಂದೆ ಕೊಡದಿದ್ದರೆ ಸರ್ಕಾರವೇ ಮಗುವಿಗೆ ಮುಂಗಡ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡುತ್ತದೆ.

ಅಷ್ಟು ದೊಡ್ಡ ಕಾನೂನು ಬರುವವರೆಗೂ ಕಾಯಬೇಕಾಗಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ; 15100ಕ್ಕೆ ಕರೆ ಮಾಡಬಹುದು, ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಬಹುದು. ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾಧಿಕಾರಿಯಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇದ್ದಾರೆ. ಇವರಿಗೆ ಮೂರು ಕೆಲಸ ವಹಿಸಿದರೆ ಹೆಚ್ಚಿನ ಖರ್ಚಿಲ್ಲದೆ ಬಹಳ ಸಾಗುತ್ತದೆ. ಒಂದು, ಕೃಷಿಕರ ಪ್ರಮಾಣಪತ್ರದ ನಮೂನೆಯನ್ನು ಕನ್ನಡದಲ್ಲಿ, ಜೊತೆಗೆ ತೆಲುಗು, ಉರ್ದು ವಿವರಣೆಯೊಂದಿಗೆ ಅಚ್ಚುಹಾಕಿ, ಪಹಣಿ, ಗೂಡಿನ ಚೀಟಿ, ಡೇರಿ ಪುಸ್ತಕ, ಮಂಡಿ ಚೀಟಿ, ಅಡವಿನ ಚೀಟಿ ಎಲ್ಲಿ ಸಿಗುತ್ತವೆಂಬ ಪಟ್ಟಿಯನ್ನು ಅದರ ಬೆನ್ನಿಗೇ ಹಾಕುವುದು. ಎರಡು, ಜೀವನಾಂಶದ ಆದೇಶಗಳ ವಹಿಯೊಂದನ್ನು ಸಮಿತಿಯಲ್ಲೇ ಇಟ್ಟು, ಹನ್ನೊಂದನೇ ತಿಂಗಳಿಗೆ ಅರ್ಜಿದಾರಳಿಗೆ ಫೋನ್ ಮಾಡಿ ವಸೂಲಿ ಅರ್ಜಿ ಹಾಕಿಸುವುದು. ಮೂರು, ಹಿಂದೂಪುರ, ಮದನಪಲ್ಲಿಗಳ ಸಮಿತಿಗಳೊಂದಿಗೆ ವಾರಂಟಿನ ವಿಷಯದಲ್ಲಿ ನೇರ ಪತ್ರ ವ್ಯವಹಾರ ಇಟ್ಟುಕೊಳ್ಳುವುದು.

ನಮೂನೆಯ ಪ್ರತಿಗಳನ್ನು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ ಇಡಲಾಗಿದೆ. ಪ್ರಶ್ನೆಗಳಿಗೆ ಸಮಯವಿದೆ, ಕಾಗದ ಪತ್ರ ತಂದಿರುವವರು ಹೆಸರು ಹೇಳಬೇಕಾಗಿಲ್ಲ, ಆದೇಶದ ತಾರೀಖು ಹೇಳಿದರೆ ಸಾಕು, ಒಂದು ವರ್ಷದ ಗಡುವು ಎಂದು ಮುಗಿಯುತ್ತದೆಂಬ ಲೆಕ್ಕದಿಂದಲೇ ಶುರು ಮಾಡಬಹುದು.